ರಸಾಯನಶಾಸ್ತ್ರದ ಉನ್ನತ ವ್ಯಾಸಂಗ: ತೀರ್ಮಾನ ಯಾರದು?

(ಬಿ.ಎಸ್ಸಿ. ವಿದ್ಯಾರ್ಥಿಗಳು ಹಾಗೂ ಅವರ ಪೋಷಕರಿಗಾಗಿ ಏರ್ಪಡಿಸಲಾಗಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದುತ್ತಿರುವವರು ಅದೇ ವಿಷಯದಲ್ಲಿ ಎಂ.ಎಸ್ಸಿ.ಗೆ, ಅದರಾಚೆಗಿನ ವ್ಯಾಸಂಗಕ್ಕೆ ಹೋಗಬೇಕೇ ಬೇಡವೇ ಎಂಬುದು ಇಂದು ನನಗೆ ವಹಿಸಲಾಗಿರುವ ವಿಷಯ. ನಾನು ಮದ್ರಸದಲ್ಲಿ ಕಲಿತವನು. ಬಳಿಕ ಕಲಾ ಪದವಿ ಪಡೆದವನು. ಇಲ್ಲಿರುವ ಉಪನ್ಯಾಸಕರ ಮುಂದೆ ರಾಸಾಯನಿಕ ಸಮೀಕರಣಗಳನ್ನು ವಿವರಿಸುವ ಸಾಹಸಕ್ಕೆ ನಾನು ಕೈ ಹಾಕಲಾರೆ. ಆದರೆ ಈ ಪ್ರಶ್ನೆ ಪ್ರಯೋಗಾಲಯದಲ್ಲಿ ಇತ್ಯರ್ಥವಾಗುವಂಥದ್ದಲ್ಲ. ಅದು ಇತ್ಯರ್ಥವಾಗುವುದು ನಮ್ಮ ಮನೆಗಳ ಚಾವಡಿಯಲ್ಲಿ, ಊಟದ ಸುಪ್ರದಲ್ಲಿ, ಮದುವೆ ಮಾತುಕತೆಯ ನಡುವೆ. ಅಲ್ಲಿ ನಡೆಯುವುದೇನು ಎಂಬುದನ್ನು ಪತ್ರಕರ್ತನಾಗಿ ನಾನು ಬಲ್ಲೆ.

ನಮ್ಮ ಮನೆಗಳಲ್ಲಿ ಈ ತೀರ್ಮಾನ ಹೇಗೆ ಆಗುತ್ತದೆ? ನಿಜ ಹೇಳಬೇಕೆಂದರೆ ಹೆಚ್ಚಿನ ಮನೆಗಳಲ್ಲಿ ಯಾರೂ ತೀರ್ಮಾನ ಮಾಡುವುದಿಲ್ಲ. ಅದು ತಾನಾಗಿ ಆಗಿಬಿಡುತ್ತದೆ. ಪಿಯುಸಿ ಮುಗಿಸಿದ ಮಗಳು ನೀಟ್ ಬರೆಯುತ್ತಾಳೆ. ಅಂಕ ಸಾಲುವುದಿಲ್ಲ. ಖಾಸಗಿ ಸೀಟಿಗೆ ಹಣವಿಲ್ಲ. ‘ಸದ್ಯಕ್ಕೆ ಬಿ.ಎಸ್ಸಿ.ಗೆ ಸೇರಿಸೋಣ’ ಎನ್ನುತ್ತಾರೆ. ಆ ‘ಸದ್ಯಕ್ಕೆ’ ಎಂಬ ಪದ ಮೂರು ವರ್ಷಗಳ ಕಾಲ ಆಕೆಯ ತಲೆಯ ಮೇಲೆ ತೂಗುತ್ತಿರುತ್ತದೆ. ಆದರೂ ಆಕೆ ಓದುತ್ತಾಳೆ, ರಸಾಯನಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳಾಗುತ್ತಾಳೆ. ಮುಂದೇನು ಎಂದು ಕೇಳಿದರೆ ‘ಫಲಿತಾಂಶ ಬರಲಿ, ನೋಡೋಣ’ ಎಂಬ ಉತ್ತರ. ಫಲಿತಾಂಶಕ್ಕಿಂತ ಮೊದಲು ಒಂದು ಸಂಬಂಧ ಬರುತ್ತದೆ. ಮಗನಾದರೆ ಗಲ್ಫಿನಿಂದ ಒಂದು ವೀಸಾ ಬರುತ್ತದೆ. ಯಾರೂ ಓದು ಬೇಡ ಎನ್ನಲಿಲ್ಲ. ಯಾರೂ ಬೇಕು ಎಂದೂ ಹೇಳಲಿಲ್ಲ. ಒಂದು ಬದುಕಿನ ದಿಕ್ಕು ಬದಲಾಯಿತು. ಬದಲಾಯಿಸಿದವರು ಯಾರೆಂದು ಹುಡುಕಿದರೆ ಒಬ್ಬರೂ ಸಿಗುವುದಿಲ್ಲ.

ನಾನು ಇಂದು ಹೇಳಬಯಸುವುದು ಇಷ್ಟೇ: ಮುಂದೆ ಓದಬೇಕು ಎಂದಾದರೂ ತೀರ್ಮಾನಿಸಿ, ಬೇಡ ಎಂದಾದರೂ ತೀರ್ಮಾನಿಸಿ. ಆದರೆ ನೀವೇ ತೀರ್ಮಾನಿಸಿ, ಕಾರಣ ತಿಳಿದು ತೀರ್ಮಾನಿಸಿ, ಸಮಯಕ್ಕೆ ಸರಿಯಾಗಿ ತೀರ್ಮಾನಿಸಿ. ಮೌನಕ್ಕೆ ಆ ಅಧಿಕಾರವನ್ನು ಬಿಟ್ಟುಕೊಡಬೇಡಿ.

ತೀರ್ಮಾನಿಸಬೇಕಾದರೆ ಮೊದಲು ಆ ವಿಷಯ ನಮ್ಮಿಂದ ಏನನ್ನು ಕೇಳುತ್ತದೆ ಎಂಬುದು ಗೊತ್ತಿರಬೇಕು. ನಾನು ಹಲವು ಉಪನ್ಯಾಸಕರೊಡನೆ, ಸಂಶೋಧನಾ ವಿದ್ಯಾರ್ಥಿಗಳೊಡನೆ ಈ ಕುರಿತು ಮಾತಾಡಿದ್ದೇನೆ. ಪದವಿ ತರಗತಿಯ ರಸಾಯನಶಾಸ್ತ್ರವೂ ಸ್ನಾತಕೋತ್ತರ ತರಗತಿಯ ರಸಾಯನಶಾಸ್ತ್ರವೂ ಹೆಸರಿನಲ್ಲಿ ಒಂದೇ, ಸ್ವಭಾವದಲ್ಲಿ ಬೇರೆ ಎಂಬುದು ಅವರೆಲ್ಲರ ಮಾತಿನ ಸಾರ. ಪಿಯುಸಿಯಲ್ಲಿ, ಬಿ.ಎಸ್ಸಿ.ಯ ಆರಂಭದಲ್ಲಿ ಕ್ರಿಯೆಗಳನ್ನು ಕಂಠಪಾಠ ಮಾಡಿ ಅಂಕ ಗಳಿಸಬಹುದು. ಯಾವ ವಸ್ತುವಿಗೆ ಯಾವುದನ್ನು ಬೆರೆಸಿದರೆ ಏನು ಸಿಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಎಂ.ಎಸ್ಸಿ.ಯ ಸಾವಯವ ರಸಾಯನಶಾಸ್ತ್ರದಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಇಲೆಕ್ಟ್ರಾನುಗಳು ಎಲ್ಲಿಂದ ಎಲ್ಲಿಗೆ ಸರಿದವು, ಕ್ರಿಯೆ ಏಕೆ ಈ ದಾರಿ ಹಿಡಿಯಿತು, ಇನ್ನೊಂದು ದಾರಿ ಏಕೆ ಹಿಡಿಯಲಿಲ್ಲ ಎಂದು ಕೇಳಲಾಗುತ್ತದೆ. ಎಂದೂ ಕಂಡಿರದ ಕ್ರಿಯೆಯೊಂದನ್ನು ಮುಂದಿಟ್ಟು ‘ಇದರ ಫಲ ಏನಾಗಬಹುದು?’ ಎನ್ನಲಾಗುತ್ತದೆ. ಕಂಠಪಾಠ ಇಲ್ಲಿ ಕೈಕೊಡುತ್ತದೆ.

ಆದುದರಿಂದ ನಿಮಗೆ ನೀವೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ನನಗೆ ಎಷ್ಟು ಅಂಕ ಬಂದಿದೆ?’ ಎಂಬುದಲ್ಲ. ‘ಪುಸ್ತಕ ಮುಚ್ಚಿಟ್ಟು ಒಂದು ಕ್ರಿಯೆಯ ಕಾರಣವನ್ನು ಗೆಳತಿಗೆ, ಗೆಳೆಯನಿಗೆ ನನ್ನ ಮಾತಿನಲ್ಲಿ ವಿವರಿಸಬಲ್ಲೆನೇ? ಹಾಗೆ ವಿವರಿಸುವಾಗ ನನಗೆ ಸಂತೋಷವಾಗುತ್ತದೆಯೇ?’ ಎಂಬುದು. ಅಂಕ ತೊಂಬತ್ತಿದ್ದು ಇದಕ್ಕೆ ಉತ್ತರ ಇಲ್ಲ ಎಂದಾದರೆ ಎಚ್ಚರಗೊಳ್ಳಿ. ಅಂಕ ಅರುವತ್ತಿದ್ದು ಉತ್ತರ ಹೌದು ಎಂದಾದರೆ ನಿರಾಶರಾಗಬೇಡಿ.

ಎರಡನೆಯದು ಗಣಿತ. ನೀಟ್‌ನ ಸಿದ್ಧತೆಯಲ್ಲೇ ಬೆಳೆದ ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಪದವಿಯಲ್ಲಿ ರಸಾಯನಶಾಸ್ತ್ರದ ಜೊತೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡಿರುತ್ತಾರೆ. ಗಣಿತದಿಂದ ಪಾರಾದೆವು ಎಂಬ ನೆಮ್ಮದಿ ಅವರಿಗೆ. ಆದರೆ ಎಂ.ಎಸ್ಸಿ.ಯ ಭೌತ ರಸಾಯನಶಾಸ್ತ್ರದಲ್ಲಿ ಕ್ವಾಂಟಮ್ ಸಿದ್ಧಾಂತವಿದೆ, ಉಷ್ಣಗತಿ ಶಾಸ್ತ್ರವಿದೆ, ಕ್ರಿಯೆಗಳ ವೇಗದ ಲೆಕ್ಕಾಚಾರವಿದೆ. ಶ್ರೋಡಿಂಗರ್ ಸಮೀಕರಣವನ್ನು ಕಲನಶಾಸ್ತ್ರವಿಲ್ಲದೆ ಅರ್ಥ ಮಾಡಿಕೊಳ್ಳಲಾಗದು. ಕೆಲವು ಸಂಸ್ಥೆಗಳು ಗಣಿತ ಓದಿರಲೇಬೇಕು ಎಂಬ ಷರತ್ತನ್ನೂ ವಿಧಿಸುತ್ತವೆ. ಅರ್ಜಿ ಹಾಕುವ ಮೊದಲು ಆ ಸಂಸ್ಥೆಯ ಪ್ರವೇಶ ನಿಯಮಗಳನ್ನು ಓದಿ ನೋಡಿ.

ಗಣಿತ ಓದಿಲ್ಲ ಎಂದ ಮಾತ್ರಕ್ಕೆ ಬಾಗಿಲು ಮುಚ್ಚಿತೇ? ಇಲ್ಲ. ಕಲಿಯಬೇಕು, ಅಷ್ಟೇ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಪಾಠಗಳು ಉಚಿತವಾಗಿ ದೊರೆಯುತ್ತವೆ. ಮೊಬೈಲಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆಯುವ ಮನೆಯಲ್ಲಿ ಒಂದು ಗಂಟೆಯನ್ನು ಅದಕ್ಕೆ ಕೊಟ್ಟರೆ ಆರು ತಿಂಗಳಲ್ಲಿ ಅಗತ್ಯದ ಕಲನಶಾಸ್ತ್ರದ ಪರಿಚಯ ಆದೀತು.

ಇಲ್ಲಿ ನನ್ನಂಥ ಕಲಾ ಪದವೀಧರರಿಗೆ ಅಭಿಮಾನ ತರುವ ಒಂದು ಬದುಕನ್ನು ನೆನಪಿಸುತ್ತೇನೆ. ಸಲೀಮುಝ್ಝಮಾನ್ ಸಿದ್ದೀಕಿ 1897ರಲ್ಲಿ ಇಂದಿನ ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಜನಿಸಿದವರು. ಅಲೀಗಢದಲ್ಲಿ ಅವರು ಓದಿದ್ದು ತತ್ವಶಾಸ್ತ್ರ ಮತ್ತು ಫಾರ್ಸಿ. ರಸಾಯನಶಾಸ್ತ್ರಕ್ಕೆ ಬಂದದ್ದು ಅದರ ನಂತರ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 1927ರಲ್ಲಿ ಡಾಕ್ಟರೇಟ್ ಪಡೆದು ಮರಳಿ, ಹಕೀಮ್ ಅಜ್ಮಲ್ ಖಾನ್ ಕಟ್ಟಿದ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನೆಗೆ ತೊಡಗಿದರು. ನಮ್ಮ ನಾಟಿ ವೈದ್ಯರಿಗೆ ತಲೆಮಾರುಗಳಿಂದ ಪರಿಚಿತವಾದ ಸರ್ಪಗಂಧದ ಬೇರಿನಿಂದ 1931ರಲ್ಲಿ ಅವರು ಒಂದು ಶುದ್ಧ ರಾಸಾಯನಿಕವನ್ನು ಬೇರ್ಪಡಿಸಿದರು. ಅದಕ್ಕೆ ಹಕೀಮರ ನೆನಪಿನಲ್ಲಿ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಹೃದಯ ಬಡಿತದ ಏರುಪೇರಿಗೆ ಸಂಬಂಧಿಸಿದ ವೈದ್ಯಕೀಯದಲ್ಲಿ ಅದು ಬಳಕೆಗೆ ಬಂತು. ಫಾರ್ಸಿ ಓದಿದವನಿಗೆ ಫ್ಲಾಸ್ಕು ಹಿಡಿಯಲು ಬಾರದು ಎಂದು ಆ ಮನೆಯವರು ಅಂದುಕೊಂಡಿದ್ದರೆ?

ಮೂರನೆಯದು ಕೈ. ಹೌದು, ರಸಾಯನಶಾಸ್ತ್ರ ತಲೆಯಷ್ಟೇ ಕೈಯ ವಿದ್ಯೆಯೂ ಹೌದು. ಟೈಟ್ರೇಶನ್ ಮಾಡುವಾಗ ತಿಳಿ ಗುಲಾಬಿ ಬಣ್ಣ ಕಾಣಿಸಿಕೊಂಡು ನಿಲ್ಲುವ ಆ ಒಂದು ಹನಿಗಾಗಿ ಕಾಯಬೇಕು. ಅವಸರದಲ್ಲಿ ಇನ್ನೊಂದೆರಡು ಹನಿ ಬಿತ್ತೆಂದರೆ ಬಣ್ಣ ಗಾಢವಾಗುತ್ತದೆ. ಮತ್ತೆ ಮೊದಲಿನಿಂದ ಆರಂಭ. ಪದವಿ ಕಾಲೇಜಿನ ಲ್ಯಾಬಿನಲ್ಲಿ ಏನು ನಡೆಯುತ್ತದೆ ಎಂಬುದು ಇಲ್ಲಿರುವ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಪಕ್ಕದವನ ಬ್ಯೂರೆಟ್ ರೀಡಿಂಗ್ ನೋಡಿ ಬರೆದುಕೊಂಡು, ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡು ಮಧ್ಯಾಹ್ನದ ಬಸ್ಸು ಹಿಡಿಯುವುದು. ಅಂಥವರು ಉನ್ನತ ವ್ಯಾಸಂಗಕ್ಕೆ ಹೋದರೆ ಏನಾಗುತ್ತದೆ? ಅಲ್ಲಿ ನಕಲು ಮಾಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆ ಪ್ರಯೋಗವನ್ನು ಅದಕ್ಕಿಂತ ಮೊದಲು ಯಾರೂ ಮಾಡಿರುವುದೂ ಇಲ್ಲ.

ಅಲ್ಲಿನ ತಾಳ್ಮೆಯ ಲೆಕ್ಕ ಹೀಗಿದೆ: ಒಂದು ಔಷಧೀಯ ವಸ್ತುವನ್ನು ಐದು ಹಂತಗಳಲ್ಲಿ ತಯಾರಿಸಬೇಕು ಎಂದಿಟ್ಟುಕೊಳ್ಳಿ. ಪ್ರತಿ ಹಂತದಲ್ಲೂ ನೂರಕ್ಕೆ 80 ಪಾಲು ದಕ್ಕಿತು ಎಂದರೆ ಅದು ಒಳ್ಳೆಯ ಫಲವೇ. ಆದರೆ ಐದು ಹಂತ ದಾಟುವಾಗ ಕೈಯಲ್ಲಿ ಉಳಿಯುವುದು ನೂರಕ್ಕೆ 33 ಪಾಲು ಮಾತ್ರ. ನಾಲ್ಕನೇ ಹಂತದಲ್ಲಿ ಫ್ಲಾಸ್ಕು ಒಡೆದರೆ ಎರಡು ವಾರದ ಕೆಲಸ ನೆಲದ ಪಾಲು. ಮರುದಿನ ಬೆಳಿಗ್ಗೆ ಮತ್ತೆ ಮೊದಲ ಹಂತಕ್ಕೆ ಕೈ ಹಚ್ಚಬಲ್ಲಿರಾ? ಈ ಪ್ರಶ್ನೆಗೆ ಉತ್ತರ ಅಂಕಪಟ್ಟಿಯಲ್ಲಿ ಸಿಗುವುದಿಲ್ಲ, ಲ್ಯಾಬಿನಲ್ಲಿ ನಿಂತೇ ಕಂಡುಕೊಳ್ಳಬೇಕು. ಅದಕ್ಕೂ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇತರ ಎರಡು ವಿಜ್ಞಾನ ಅಕಾಡೆಮಿಗಳ ಜೊತೆಗೂಡಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನೀಡುತ್ತಾ ಬಂದಿದೆ. ಆಯ್ಕೆಯಾದ ವಿದ್ಯಾರ್ಥಿ ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು. ಅದು ದಕ್ಕದಿದ್ದರೆ ನಿಮ್ಮ ಉಪನ್ಯಾಸಕರನ್ನು ಕೇಳಿ. ರಜೆಯಲ್ಲಿ ಒಂದು ಸಣ್ಣ ಪ್ರಾಜೆಕ್ಟ್ ಮಾಡಿ. ಊರಿನ ಬಾವಿಗಳ ನೀರನ್ನು ತಂದು ಗಡಸುತನ ಅಳೆಯಿರಿ. ಎರಡು ವಾರ ಲ್ಯಾಬಿನಲ್ಲಿ ನಿಂತ ಮೇಲೂ ನಾಳೆ ಮತ್ತೆ ಹೋಗಬೇಕು ಎನಿಸಿದರೆ, ಅದೇ ಅತ್ಯುತ್ತಮ ಪ್ರವೇಶ ಪರೀಕ್ಷೆ.

ಇನ್ನು ಪೋಷಕರ ಪ್ರಶ್ನೆಗೆ ಬರುತ್ತೇನೆ. ‘ಓದಿದರೆ ಕೆಲಸ ಸಿಗುತ್ತದೆಯೇ?’ ಈ ಪ್ರಶ್ನೆ ಕೇಳುವುದು ತಪ್ಪಲ್ಲ. ಸಾಲ ಮಾಡಿ ಮಗನನ್ನು ಓದಿಸುವ ತಂದೆ ಅದನ್ನು ಕೇಳದೆ ಇನ್ನಾರು ಕೇಳಬೇಕು? ಪ್ರಾಮಾಣಿಕ ಉತ್ತರ ಇದು: ಬರೀ ಬಿ.ಎಸ್ಸಿ.ಗೆ ಸಿಗುವ ಕೆಲಸಗಳು ಸೀಮಿತ. ಪ್ರೌಢಶಾಲೆಯಲ್ಲಿ ಪಾಠ ಮಾಡುವವರಿಗೆ ಬಿ.ಎಸ್ಸಿ.ಯ ಜೊತೆಗೆ ಬಿ.ಎಡ್. ದಾರಿಯಿದೆ. ಪಿಯು ಕಾಲೇಜಿನ ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿ ಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಬೇಕಾದರೆ ಎಂ.ಎಸ್ಸಿ.ಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕದೊಂದಿಗೆ ನೆಟ್ ಅಥವಾ ಕೆ-ಸೆಟ್ ದಾಟಬೇಕು. ಔಷಧ, ಬಣ್ಣ, ಗೊಬ್ಬರ, ಪೆಟ್ರೋಲಿಯಂ, ಆಹಾರ ಪದಾರ್ಥಗಳ ಕಂಪೆನಿಗಳಲ್ಲಿ ಗುಣಮಟ್ಟ ಪರೀಕ್ಷೆಯ ಲ್ಯಾಬುಗಳಿವೆ. ಬೆಂಗಳೂರು, ಹೈದರಾಬಾದ್‌ಗಳಲ್ಲಿ ಔಷಧೋದ್ಯಮ ದೊಡ್ಡದಾಗಿ ಬೆಳೆದಿದೆ. ಮಂಗಳೂರಿನಲ್ಲಿ ತೈಲ ಶುದ್ಧೀಕರಣಾಗಾರ ಮತ್ತು ರಸಗೊಬ್ಬರ ಕಾರ್ಖಾನೆಗಳಿವೆ. ಅಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಅವಕಾಶವಿದೆ. ಆದರೆ ಆರಂಭದ ಸಂಬಳ ಎಂಜಿನಿಯರಿಂಗ್ ಓದಿದ ಪಕ್ಕದ ಮನೆಯ ಹುಡುಗನಷ್ಟು ಇರಲಿಕ್ಕಿಲ್ಲ; ಶಿಫ್ಟ್ ಕೆಲಸ ಇರಬಹುದು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ವಂಚನೆ.

ಹಾಗೆಯೇ ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಸಂಶೋಧನೆಯ ದಾರಿ ಹಿಡಿದವರಿಗೆ ಓದುವಾಗಲೇ ಹಣ ಬರುತ್ತದೆ. ಸಿಎಸ್‌ಐಆರ್-ನೆಟ್ ಪರೀಕ್ಷೆಯ ರಾಸಾಯನಿಕ ವಿಜ್ಞಾನ ವಿಭಾಗದಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಪರಿಷ್ಕರಣೆಯ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ ಫೆಲೋಶಿಪ್ ನಿಗದಿಯಾಗಿದೆ. ಪಿಎಚ್.ಡಿ. ಎಂದರೆ ಮೂವತ್ತರವರೆಗೂ ಅಪ್ಪನ ಕೈ ನೋಡುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಿಜ್ಞಾನದ ಮಟ್ಟಿಗೆ, ಫೆಲೋಶಿಪ್ ಪಡೆದವರ ಮಟ್ಟಿಗೆ ಅದು ನಿಜವಲ್ಲ.

ಆದರೆ ಈ ಸಂದರ್ಭದಲ್ಲಿ ಒಂದು ಕಹಿಯನ್ನೂ ಹೇಳಲೇಬೇಕು. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆಂದು 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು 2022-23ರಿಂದ ನಿಲ್ಲಿಸುವುದಾಗಿ ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಇತರ ಯೋಜನೆಗಳ ಜೊತೆ ಅದು ಪುನರಾವರ್ತನೆಯಾಗುತ್ತದೆ ಎಂಬ ಕಾರಣ ನೀಡಲಾಯಿತು. ಒಂದು ಸಮುದಾಯದ ಮಕ್ಕಳು ಪ್ರಯೋಗಾಲಯದ ಬಾಗಿಲಿಗೆ ಈಗಷ್ಟೇ ತಲುಪುತ್ತಿರುವಾಗ ಮೆಟ್ಟಿಲನ್ನೇ ತೆಗೆದರೆ ಅದನ್ನು ಏನೆನ್ನಬೇಕು? ರಾಜ್ಯದಲ್ಲೂ ಅಷ್ಟೇ. 2021ರಲ್ಲಿ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ ಬಂತು. 2024ರಲ್ಲಿ ಮೂರು ವರ್ಷಗಳ ಪದವಿಗೆ ಮರಳಲಾಯಿತು. ನೀತಿಯ ಒಳಿತು ಕೆಡುಕು ಏನೇ ಇರಲಿ, ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗೆ ಅವನ ಆಯ್ಕೆಗಳೇನೆಂಬುದೇ ಸ್ಪಷ್ಟವಿರಲಿಲ್ಲ. ಸರಕಾರಗಳನ್ನು ನಾವು ಪ್ರಶ್ನಿಸಬೇಕು, ಪ್ರಶ್ನಿಸುತ್ತಲೇ ಇರಬೇಕು. ಆದರೆ ಉತ್ತರ ಬರುವ ತನಕ ಮಕ್ಕಳ ವಯಸ್ಸು ಕಾಯುವುದಿಲ್ಲ. ಸ್ಪರ್ಧಾತ್ಮಕ ಫೆಲೋಶಿಪ್‌ಗಳ ಬಾಗಿಲು ಇನ್ನೂ ತೆರೆದೇ ಇದೆ. ಅಲ್ಲಿಗೆ ನಮ್ಮ ಮಕ್ಕಳು ಸಿದ್ಧರಾಗಿ ಹೋಗಬೇಕು.

ಸಿದ್ಧರಾಗುವುದೆಂದರೆ ಮೊದಲು ಕ್ಯಾಲೆಂಡರ್ ನೋಡುವುದು. ‘ಫಲಿತಾಂಶ ಬರಲಿ, ನೋಡೋಣ’ ಎಂಬ ಮಾತಿನ ಅಪಾಯ ಎಲ್ಲಿದೆ ಎಂಬುದನ್ನು ದಯವಿಟ್ಟು ಗಮನಿಸಿ. ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕೆ ನಡೆಯುವ ‘ಜ್ಯಾಮ್’ ಪರೀಕ್ಷೆ ಇರುವುದು ಫೆಬ್ರವರಿಯಲ್ಲಿ. ಅರ್ಜಿ ಸಲ್ಲಿಸಬೇಕಾದದ್ದು ಅದಕ್ಕೆ ಹಲವು ತಿಂಗಳ ಮೊದಲು, ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಅಂದರೆ ಅಂತಿಮ ವರ್ಷದ ಆರಂಭದಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳಲ್ಲಿ ಬಿ.ಎಸ್ಸಿ. ಮುಗಿಸಿದವರು ನೇರವಾಗಿ ಸೇರಬಹುದಾದ ಸಮಗ್ರ ಪಿಎಚ್.ಡಿ.ಗೂ ಇದೇ ಪರೀಕ್ಷೆಯ ಅಂಕ ಬೇಕು. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರೀಯ ಸಂಸ್ಥೆಗಳಿಗೆ ಸಿಯುಇಟಿ-ಪಿಜಿ ಎಂಬ ಪ್ರತ್ಯೇಕ ಪರೀಕ್ಷೆಯಿದೆ. ಮೈಸೂರು, ಕೊಣಾಜೆ, ಶಂಕರಘಟ್ಟ, ಧಾರವಾಡದ ರಾಜ್ಯ ವಿಶ್ವವಿದ್ಯಾಲಯಗಳು ತಮ್ಮದೇ ಅಧಿಸೂಚನೆ ಹೊರಡಿಸುತ್ತವೆ. ಫಲಿತಾಂಶದ ದಿನ ಸಿಹಿ ಹಂಚಿ ಮರುದಿನ ಯೋಚಿಸಲು ಕುಳಿತವರಿಗೆ ಇವುಗಳಲ್ಲಿ ಅರ್ಧಕ್ಕರ್ಧ ಬಾಗಿಲುಗಳು ಮುಚ್ಚಿರುತ್ತವೆ. ‘ನೋಡೋಣ’ ಎಂಬುದೂ ಒಂದು ತೀರ್ಮಾನವೇ. ‘ಬೇಡ’ ಎಂಬುದರ ಸಭ್ಯ ರೂಪ.

ಈಗ ಹೆಣ್ಣು ಮಕ್ಕಳ ಪೋಷಕರಲ್ಲಿ ಒಂದು ಮಾತು. ‘ಮದುವೆಯಾದ ಮೇಲೂ ಓದಬಹುದಲ್ಲ’ ಎಂದು ನೀವು ಹೇಳುತ್ತೀರಿ. ಸದುದ್ದೇಶದಿಂದಲೇ ಹೇಳುತ್ತೀರಿ. ಇತಿಹಾಸ, ಸಾಹಿತ್ಯ ಓದುವವರಿಗೆ ಅದು ಒಂದು ಮಟ್ಟಿಗೆ ಸಾಧ್ಯ. ಪುಸ್ತಕ ಮನೆಗೆ ಬರುತ್ತದೆ. ರಸಾಯನಶಾಸ್ತ್ರದಲ್ಲಿ ಲ್ಯಾಬು ಮನೆಗೆ ಬರುವುದಿಲ್ಲ. ದೂರಶಿಕ್ಷಣದಲ್ಲಿ ಹೆಸರು ನೋಂದಾಯಿಸಿದರೂ ಪ್ರಯೋಗಕ್ಕೆ ಲ್ಯಾಬಿಗೆ ಹೋಗಲೇಬೇಕು. ಐದು ವರ್ಷ ಬಿಟ್ಟು ಮರಳಿದರೆ ಕೈಯೂ ಮರೆತಿರುತ್ತದೆ, ವಿಷಯವೂ ಮುಂದೆ ಸಾಗಿರುತ್ತದೆ. ಆದುದರಿಂದ ಈ ವಿಷಯದಲ್ಲಿ ‘ಆಮೇಲೆ’ ಎಂಬುದಕ್ಕೆ ಇತರ ವಿಷಯಗಳಲ್ಲಿ ಇರುವಷ್ಟು ಬೆಲೆ ಇಲ್ಲ. ಮದುವೆ ಮಾತುಕತೆ ನಡೆಯುವುದಾದರೆ ನಡೆಯಲಿ. ಆದರೆ ಈ ಎರಡು ವರ್ಷಗಳ ವಿಷಯವನ್ನು ಅಲ್ಲಿ ಮೊದಲೇ ಮಂಡಿಸಿ. ಎಲ್ಲಿದ್ದು ಓದುತ್ತಾಳೆ, ಖರ್ಚು ಯಾರದು, ಲ್ಯಾಬು ಸಂಜೆ ಐದರವರೆಗೆ ಇರುತ್ತದೆ ಎಂಬುದು ಅವರಿಗೆ ಒಪ್ಪಿಗೆಯೇ ಎಂಬುದನ್ನು ಬಿಡಿಸಿ ಕೇಳಿ. ‘ಓದಿಗೇನು, ನಮ್ಮ ಅಡ್ಡಿ ಇಲ್ಲ’ ಎಂಬ ಒಂದು ಸಾಲಿನ ಭರವಸೆ ಸಾಲದು.

ಲ್ಯಾಬು ಅಪಾಯಕಾರಿ ಎಂಬ ಅಂಜಿಕೆಯನ್ನೂ ಕೆಲವು ತಾಯಂದಿರು ತೋಡಿಕೊಂಡಿದ್ದಾರೆ. ಅಪಾಯ ಇದೆ, ಅದಕ್ಕೆ ನಿಯಮಗಳೂ ಇವೆ. ಕಣ್ಣಿಗೆ ಕನ್ನಡಕ, ಮೈಗೆ ಹತ್ತಿಯ ಲ್ಯಾಬ್ ಕೋಟು, ಕಾಲಿಗೆ ಮುಚ್ಚಿದ ಶೂ. ತಲೆವಸ್ತ್ರ ಧರಿಸುವವರು ಜೋಲಾಡುವ ತುದಿಗಳನ್ನು ಕೋಟಿನ ಒಳಗೆ ಸೇರಿಸಿಕೊಳ್ಳಬೇಕು. ನೈಲಾನ್, ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಹತ್ತಿಯದ್ದೇ ಲೇಸು. ವಿಷಾನಿಲ ಬರುವ ಕೆಲಸವನ್ನು ಫ್ಯೂಮ್ ಹುಡ್ ಒಳಗೇ ಮಾಡಬೇಕು. ಗರ್ಭಿಣಿಯಾದವರು ಅದನ್ನು ಮಾರ್ಗದರ್ಶಕರಿಗೆ ಬೇಗನೆ ತಿಳಿಸಬೇಕು. ಕೆಲವು ದ್ರಾವಕಗಳಿಂದ ದೂರವಿರಬೇಕಾಗುತ್ತದೆ. ಸೇರುವ ಮೊದಲು ಲ್ಯಾಬನ್ನು ಹೋಗಿ ನೋಡಿ. ಕಣ್ಣು ತೊಳೆಯುವ ನಲ್ಲಿ, ಬೆಂಕಿ ನಂದಿಸುವ ಸಾಧನ ಎಲ್ಲಿದೆ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಸಂಸ್ಥೆ ಹುಡುಕಿ. ಅಂಜಿಕೆಗೆ ಮದ್ದು ತಿಳುವಳಿಕೆಯೇ ಹೊರತು ಮನೆಯಲ್ಲಿ ಕೂರಿಸುವುದಲ್ಲ.

ಹೆಣ್ಣು ಮಕ್ಕಳನ್ನು ತಡೆಯುವುದು ನಮ್ಮ ಮನೆಗಳು ಮಾತ್ರವಲ್ಲ ಎಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. 1933ರಲ್ಲಿ ಭೌತ ಮತ್ತು ರಸಾಯನಶಾಸ್ತ್ರಗಳಲ್ಲಿ ಪದವಿ ಪಡೆದ ಕಮಲಾ ಭಾಗವತ್ ಎಂಬ ತರುಣಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ಆಗ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು. ನೊಬೆಲ್ ಪಡೆದ ವಿಜ್ಞಾನಿಯ ಮಾತನ್ನು ಆಕೆ ಒಪ್ಪಲಿಲ್ಲ. ಪಟ್ಟು ಹಿಡಿದು, ಷರತ್ತುಗಳಿಗೆ ಒಳಪಟ್ಟು ಸೇರಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಜೀವರಸಾಯನದಲ್ಲಿ ಪಿಎಚ್.ಡಿ. ಪಡೆದರು. ಆ ಕಾಲದಲ್ಲಿ ಬಾಗಿಲಲ್ಲಿ ನಿಂತು ತಡೆದದ್ದು ಸಂಸ್ಥೆ. ಇಂದು ಸಂಸ್ಥೆಯ ಬಾಗಿಲು ತೆರೆದಿರುವಾಗ ಮನೆಯ ಬಾಗಿಲಲ್ಲಿ ನಾವು ನಿಲ್ಲಬಾರದು.

ಸಹೋದರರೇ, ರಸಾಯನಶಾಸ್ತ್ರದ ಮಾತು ಬಂದೊಡನೆ ನಮ್ಮ ವೇದಿಕೆಗಳಲ್ಲಿ ಜಾಬಿರ್ ಇಬ್ನ್ ಹಯ್ಯಾನರ ಹೆಸರು ಬರುತ್ತದೆ, ಅರ್ರಾಝಿಯ ಹೆಸರು ಬರುತ್ತದೆ. ಕೆಮಿಸ್ಟ್ರಿ ಎಂಬ ಪದ ಅರಬಿಯ ‘ಅಲ್‌ಕೀಮಿಯಾ’ದ ಮೂಲಕ ಯುರೋಪಿಗೆ ಹೋಯಿತು, ಆಲ್ಕಲಿ ಎಂಬುದು ‘ಅಲ್‌ಕಲೀ’ ಎಂಬ ಸಸ್ಯಬೂದಿಯ ಹೆಸರಿನಿಂದ ಬಂತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ತಪ್ಪಲ್ಲ. ಆದರೆ ಪೂರ್ವಜರ ಹೆಸರು ಹೇಳಿದರೆ ಇಂದಿನ ಒಂದು ಟೈಟ್ರೇಶನ್ ಕೂಡಾ ಮುಗಿಯುವುದಿಲ್ಲ. ಅರ್ರಾಝಿ ಕುಲುಮೆಯ ಮುಂದೆ ನಿಂತು ಕೆಲಸ ಮಾಡಿದವರು. ಅವರ ಹೆಸರಿನಲ್ಲಿ ಭಾಷಣ ಮಾಡಿ, ಮಗಳನ್ನು ಲ್ಯಾಬಿಗೆ ಕಳುಹಿಸಲು ಹಿಂಜರಿಯುವುದು ಅವರಿಗೆ ತೋರುವ ಗೌರವವಲ್ಲ.

2025ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು ಉಮರ್ ಯಾಗಿ. ಜೋರ್ಡಾನಿನ ಅಮ್ಮಾನ್‌ನಲ್ಲಿ ಫೆಲೆಸ್ತೀನೀ ನಿರಾಶ್ರಿತ ಕುಟುಂಬದಲ್ಲಿ, ಹಲವು ಮಕ್ಕಳ ನಡುವೆ ಬೆಳೆದವರು. ಹತ್ತರ ವಯಸ್ಸಿನಲ್ಲಿ ಶಾಲೆಯ ಗ್ರಂಥಾಲಯದಲ್ಲಿ ಒಂದು ಪುಸ್ತಕ ಅವರ ಕೈಗೆ ಸಿಕ್ಕಿತು. ಅದರಲ್ಲಿ ಗೋಲಿ ಮತ್ತು ಕಡ್ಡಿಗಳಿಂದ ಜೋಡಿಸಿದಂಥ ಚಿತ್ರಗಳಿದ್ದವು. ಅವು ಅಣುಗಳ ಚಿತ್ರ ಎಂಬುದು ತಿಳಿಯದೆಯೇ ಆ ಹುಡುಗ ಅವುಗಳಿಗೆ ಮನಸೋತ. ಹದಿನೈದರಲ್ಲಿ ಅಮೆರಿಕಕ್ಕೆ ಹೋಗಿ, ಸಣ್ಣಪುಟ್ಟ ಕೆಲಸ ಮಾಡುತ್ತಾ ಒಂದು ಸಾಮಾನ್ಯ ಸಮುದಾಯ ಕಾಲೇಜಿನಲ್ಲಿ ಓದು ಆರಂಭಿಸಿದರು. ಮರುಭೂಮಿಯ ಒಣ ಗಾಳಿಯಿಂದ ನೀರನ್ನು ಹೀರಿ ತೆಗೆಯಬಲ್ಲ ರಂಧ್ರಮಯ ವಸ್ತುಗಳು ಮುಂದೆ ಅವರ ಪ್ರಯೋಗಾಲಯದಲ್ಲಿ ರೂಪುಗೊಂಡವು. ನಮ್ಮ ಮಕ್ಕಳಿಗೆಲ್ಲ ನೊಬೆಲ್ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ಹುಡುಗನ ಪಯಣ ಆರಂಭವಾದದ್ದು ಯಾವ ಸಂಬಳದ ಲೆಕ್ಕದಿಂದಲೂ ಅಲ್ಲ, ಒಂದು ಕುತೂಹಲದಿಂದ ಎಂಬುದನ್ನಷ್ಟೇ ನೆನಪಿಸುತ್ತಿದ್ದೇನೆ. ನಿಮ್ಮ ಮಗುವಿನ ಕಣ್ಣಲ್ಲಿ ಆ ಕುತೂಹಲ ಇದೆಯೇ ಎಂದು ನೋಡುವವರು ನೀವೇ.

ನೊಬೆಲ್ ದೂರದ ಮಾತು. ಹತ್ತಿರದ ಮಾತು ನೀರಿನದ್ದು. ನಮ್ಮ ರಾಜ್ಯದಲ್ಲಿ ಪಾವಗಡದಂಥ ಪ್ರದೇಶಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಜನರ ಹಲ್ಲು, ಮೂಳೆ ಹಾಳಾಗಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಮಾತ್ರ ಎನ್ನುತ್ತದೆ ಭಾರತೀಯ ಮಾನಕ. ನೋಡಲು ಆ ನೀರು ತಿಳಿಯಾಗಿಯೇ ಇರುತ್ತದೆ. ರುಚಿಯಿಂದ ಗುರುತು ಹಿಡಿಯಲಾಗದು. ಅಳೆದು ಹೇಳಬಲ್ಲ ಒಬ್ಬ ರಸಾಯನಶಾಸ್ತ್ರಜ್ಞ ಬೇಕು. ಅಳೆದದ್ದನ್ನು ಅಧಿಕಾರಿಗಳ ಎದುರು ಅಂಜದೆ ಹೇಳುವ ಪ್ರಾಮಾಣಿಕತೆಯೂ ಬೇಕು. ಸಮಾಜಸೇವೆ ಎಂದರೆ ಕಿಟ್ ಹಂಚುವುದು ಮಾತ್ರವಲ್ಲ.

ಹಾಗಾದರೆ ಎಲ್ಲರೂ ಮುಂದೆ ಓದಲೇಬೇಕೇ? ಖಂಡಿತ ಇಲ್ಲ. ಲ್ಯಾಬಿನಲ್ಲಿ ಮನಸ್ಸು ನಿಲ್ಲದವರು, ಮಕ್ಕಳಿಗೆ ಪಾಠ ಮಾಡುವುದರಲ್ಲಿ ಸಂತೋಷ ಕಾಣುವವರು ಬಿ.ಎಡ್.ಗೆ ಹೋಗಲಿ, ಒಳ್ಳೆಯ ವಿಜ್ಞಾನ ಶಿಕ್ಷಕರ ಕೊರತೆ ನಮ್ಮ ಶಾಲೆಗಳಲ್ಲಿ ಸಣ್ಣದೇನಲ್ಲ. ಜೀವಿಗಳತ್ತ ಒಲವಿರುವವರಿಗೆ ಜೀವರಸಾಯನ, ಸೂಕ್ಷ್ಮಜೀವಿ ಶಾಸ್ತ್ರ ಇವೆ. ಮನೆಯಲ್ಲಿ ತಂದೆ ಹಾಸಿಗೆ ಹಿಡಿದಿದ್ದರೆ, ತಂಗಿಯರ ಓದಿನ ಹೊಣೆ ಹೆಗಲೇರಿದ್ದರೆ ಕೆಲಸಕ್ಕೆ ಸೇರುವುದೇ ಕರ್ತವ್ಯವಾದೀತು. ಎಲ್ಲವನ್ನೂ ತಿಳಿದು, ಮನೆಯವರೊಡನೆ ಕುಳಿತು ಮಾತಾಡಿ ‘ಬೇಡ’ ಎಂದರೆ ಅದು ಗೌರವದ ತೀರ್ಮಾನ. ಅದರಲ್ಲಿ ಸೋಲಿಲ್ಲ. ಆದರೆ ನೀಟ್‌ನಲ್ಲಿ ಸೀಟು ಸಿಗಲಿಲ್ಲ ಎಂಬ ಹತಾಶೆಯಿಂದ ‘ಇದು ಉಳಿದವರ ವಿಷಯ’ ಎಂದು ಬಿಟ್ಟುಬಿಡುವುದಾದರೆ, ಅಥವಾ ಅದೇ ಅವಮಾನ ಮುಚ್ಚಿಕೊಳ್ಳಲು ಎಂ.ಎಸ್ಸಿ.ಗೆ ಸೇರುವುದಾದರೆ, ಎರಡೂ ತಪ್ಪು. ನೀಟ್‌ನ 720 ಅಂಕಗಳಲ್ಲಿ ರಸಾಯನಶಾಸ್ತ್ರದ್ದು 180. ಒಂದು ದಿನದ ಆ ಪರೀಕ್ಷೆ ಒಂದು ಇಡೀ ವಿಜ್ಞಾನದೊಂದಿಗೆ ನಿಮ್ಮ ಸಂಬಂಧವನ್ನು ನಿರ್ಣಯಿಸಲಾರದು.

ಕೊನೆಯದಾಗಿ, ಇಲ್ಲಿರುವ ಜಮಾಅತ್ ಕಮಿಟಿಗಳ, ಸಂಘ ಸಂಸ್ಥೆಗಳ ಹಿರಿಯರಲ್ಲಿ ಒಂದು ವಿನಂತಿ. ಎಸೆಸೆಲ್ಸಿಯಲ್ಲಿ, ಪಿಯುಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ನಾವು ಶಾಲು ಹೊದಿಸುತ್ತೇವೆ, ಸ್ಮರಣಿಕೆ ಕೊಡುತ್ತೇವೆ, ಫೋಟೋ ಹಾಕಿಸುತ್ತೇವೆ. ಮೂರು ವರ್ಷದ ಬಳಿಕ ಅದೇ ಮಗು ಎಲ್ಲಿದೆ ಎಂದು ಕೇಳಿದ್ದೇವೆಯೇ? ಸ್ಮರಣಿಕೆಯ ಹಣದಲ್ಲಿ ಒಂದು ಭಾಗವನ್ನು ಪ್ರವೇಶ ಪರೀಕ್ಷೆಯ ಶುಲ್ಕಕ್ಕೆ, ಪುಸ್ತಕಕ್ಕೆ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರುವ ಪ್ರಯಾಣಕ್ಕೆ ತೆಗೆದಿಡಿ. ಜಿಲ್ಲೆಯ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ಈ ವರ್ಷ ಯಾವ ವಿದ್ಯಾರ್ಥಿವೇತನ ಇದೆ, ಯಾವ ಹಾಸ್ಟೆಲಿನಲ್ಲಿ ಸೀಟಿದೆ ಎಂದು ವಿಚಾರಿಸಿ ಮಸೀದಿಯ ಫಲಕದಲ್ಲಿ ಹಾಕಿ. ಓದಿದ ಒಬ್ಬರು ತಿಂಗಳಿಗೆ ಒಂದು ಭಾನುವಾರ ಪದವಿ ವಿದ್ಯಾರ್ಥಿಗಳೊಡನೆ ಕುಳಿತರೆ ಸಾಕು. ಎಷ್ಟೋ ಮಕ್ಕಳಿಗೆ ಜ್ಯಾಮ್ ಎಂಬ ಹೆಸರನ್ನು ಮೊದಲು ಕೇಳುವ ಅವಕಾಶ ಅಲ್ಲಿ ಸಿಗಬಹುದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎರಡನೇ ವರ್ಷದಲ್ಲಿರುವವರಿಗೆ ಇನ್ನೂ ಸಮಯವಿದೆ. ಒಂದು ಹಾಳೆ ತೆಗೆದುಕೊಳ್ಳಿ. ವಿಷಯ ನನಗೆ ಹಿಡಿಸಿದೆಯೇ, ಗಣಿತ ಕಲಿಯಲು ಸಿದ್ಧನಿದ್ದೇನೆಯೇ, ಲ್ಯಾಬಿನಲ್ಲಿ ನಿಲ್ಲಬಲ್ಲೆನೇ, ಖರ್ಚು ಎಷ್ಟು, ಅರ್ಜಿಯ ದಿನಾಂಕ ಯಾವುದು ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಅದನ್ನು ತಂದೆ-ತಾಯಿಯ ಮುಂದಿಡಿ. ಅವರು ಓದಿದವರಲ್ಲದಿದ್ದರೆ ಓದಿ ಹೇಳಿ. ಪೋಷಕರೇ, ಆ ಹಾಳೆ ನಿಮ್ಮ ಮುಂದೆ ಬಂದ ದಿನ ಟಿವಿ ಆರಿಸಿ, ಮೊಬೈಲ್ ಬದಿಗಿಟ್ಟು ಒಂದು ಗಂಟೆ ಕೊಡಿ. ಹೌದು ಎನ್ನಿ, ಇಲ್ಲ ಎನ್ನಿ. ಕಾರಣ ಹೇಳಿ ಎನ್ನಿ. ಇಷ್ಟು ವರ್ಷ ಓದಿಸಿದ ಮಗುವಿಗೆ ಅಷ್ಟು ಉತ್ತರ ಪಡೆಯುವ ಹಕ್ಕಿದೆ.